ಓದುಗರ ಪ್ರಶ್ನೆ: ಅಡುಗೆಮನೆಯಲ್ಲಿ ಕೂತು ಕೇಳಿದ ಯುದ್ಧ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು, ಸಾಕ್ಷ್ಯಚಿತ್ರ ಇದ್ದ ಹಾಗೆ ಬರವಣಿಗೆಯಲ್ಲೂ ಅಂಥದ್ದು ಇದೆಯಾ, ಕಥೆ ಕಟ್ಟದೆ ಬರೀ ಜನರ ಸಾಕ್ಷ್ಯ ಇಟ್ಟುಕೊಂಡೇ ದೊಡ್ಡ ಸಾಹಿತಿ ಆದವರು ಇದ್ದಾರಾ ಅಂತ ಕೇಳಿದ್ದರು. ಬೆಲಾರಸ್‌ನ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಇದ್ದಾರಲ್ಲ, 2015ರ ನೊಬೆಲ್ ಅವರಿಗೇ ಬಂತಲ್ಲ ಅಂತ ನಾಲ್ಕು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಅಷ್ಟಕ್ಕೆ ಬಿಡುವವರಾ ನೀವು? ಒಂದು ಕಟ್ಟು ಪತ್ರ ಬಂದಿದೆ. ಬೈದವರೂ ಇದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ. ಆಸ್ತಿ ಪಾಲು, ಕೂದಲು ಉದುರುವುದು ಇತ್ಯಾದಿ ಕೇಳಿದವರು ಒಂದು ಸಂಚಿಕೆ ತಾಳಿಕೊಳ್ಳಿ.

ಪ್ರಶ್ನೆ: ಈಕೆ ರಷ್ಯಾದವರೋ, ಉಕ್ರೇನಿನವರೋ, ಬೆಲಾರಸ್‌ನವರೋ? ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ.
– ಗ್ರಂಥಪಾಲಕಿ, ಹಾವೇರಿ

ಮೂರೂ ಸ್ವಲ್ಪ ಸ್ವಲ್ಪ ನಿಜ. ಈಕೆ ಹುಟ್ಟಿದಾಗ ಮೂರೂ ಸೋವಿಯತ್ ಒಕ್ಕೂಟದ ಭಾಗಗಳೇ. ಹುಟ್ಟಿದ್ದು 1948ರ ಮೇ 31ರಂದು, ಪಶ್ಚಿಮ ಉಕ್ರೇನಿನ ಇವಾನೋ-ಫ್ರಾಂಕಿವ್ಸ್ಕ್ ಪಟ್ಟಣದಲ್ಲಿ. ಆಗ ಆ ಊರಿಗೆ ಸ್ತಾನಿಸ್ಲಾವ್ ಅಂತ ಹೆಸರಿತ್ತು. ಅಮ್ಮ ಉಕ್ರೇನಿನವರು, ಅಪ್ಪ ಬೆಲಾರಸ್‌ನವರು. ಅಪ್ಪ ಸೈನ್ಯದ ಕೆಲಸ ಮುಗಿಸಿದ ಮೇಲೆ ಸಂಸಾರ ಬೆಲಾರಸ್‌ನ ಹಳ್ಳಿಗೆ ಬಂತು, ಗಂಡ ಹೆಂಡತಿ ಇಬ್ಬರೂ ಅಲ್ಲಿ ಶಾಲೆಯಲ್ಲಿ ಪಾಠ ಹೇಳಿದರು. ಬರೆಯುವುದು ರಷ್ಯನ್ ಭಾಷೆಯಲ್ಲಿ. ಆದರೂ ಬೆಲಾರಸ್‌ನ ಲೇಖಕಿ ಅಂತಲೇ ಕರೆಯೋಣ, ಬೆಳೆದದ್ದು ಅಲ್ಲಿ, ಬರವಣಿಗೆ ಶುರುವಾದದ್ದೂ ಅಲ್ಲಿ.

ಊರಿನ ಹೆಸರಿಗಿಂತ ಆ ಹಳ್ಳಿಯ ಸಂಜೆಗಳು ನನಗೆ ಮುಖ್ಯ ಅನ್ನಿಸುತ್ತವೆ. ಎರಡನೇ ಮಹಾಯುದ್ಧದಲ್ಲಿ ಬೆಲಾರಸ್‌ನ ನಾಲ್ಕು ಜನರಲ್ಲಿ ಒಬ್ಬರು ಸತ್ತಿದ್ದರು. ಈಕೆಗೆ ಬುದ್ಧಿ ತಿಳಿಯುವ ಹೊತ್ತಿಗೆ ಹಳ್ಳಿಯಲ್ಲಿ ಇದ್ದವರೆಲ್ಲ ಹೆಂಗಸರೇ. ಹಗಲೆಲ್ಲ ದುಡಿದು, ಸಂಜೆ ಮನೆ ಮುಂದಿನ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ನಮ್ಮ ಜಗಲಿ ಇದ್ದ ಹಾಗೆ. ಗಂಡನನ್ನು ಕಳಿಸಿಕೊಟ್ಟ ಕೊನೆಯ ದಿನ ಹೇಗಿತ್ತು, ಹೇಗೆ ಕಾದೆವು, ಈಗಲೂ ಹೇಗೆ ಕಾಯುತ್ತಿದ್ದೇವೆ, ಬರೀ ಇದೇ ಮಾತು. ಮನೆ ತುಂಬ ಪುಸ್ತಕ ಇದ್ದರೂ ಈ ಹುಡುಗಿಯ ಕಿವಿ ಮಾತ್ರ ಹೊರಗೇ. ಸಾವಿನ ಮಾತಿಗಿಂತ ಪ್ರೀತಿಯ ಮಾತೇ ಆ ಹೆಂಗಸರಲ್ಲಿ ಜಾಸ್ತಿ ಇತ್ತು ಅಂತ ನೊಬೆಲ್ ಭಾಷಣದಲ್ಲೂ ನೆನೆಸಿಕೊಂಡಿದ್ದಾರೆ.

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಅವರೂ ಪತ್ರಕರ್ತೆಯಾಗಿಯೇ ಶುರು ಮಾಡಿದರಂತೆ. ಮೊದಲ ಪುಸ್ತಕವೇ ಹಿಟ್ ಆಯ್ತಾ?
– ವಿದ್ಯಾರ್ಥಿನಿ, ತುಮಕೂರು

ಮೊದಲ ಪುಸ್ತಕ ಪುಸ್ತಕವೇ ಆಗಲಿಲ್ಲಮ್ಮ. ಮಿನ್ಸ್ಕ್ ವಿಶ್ವವಿದ್ಯಾಲಯದಲ್ಲಿ ನಿನ್ನ ಹಾಗೇ ಪತ್ರಿಕೋದ್ಯಮ ಓದಿ 1972ರಲ್ಲಿ ಮುಗಿಸಿದರು. ಸಣ್ಣ ಊರಿನ ಪತ್ರಿಕೆಯಲ್ಲಿ ಕೆಲಸ, ಆಮೇಲೆ ರಾಜಧಾನಿ ಮಿನ್ಸ್ಕಿನಲ್ಲಿ ರೈತರಿಗಾಗಿ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ, ಅದಾದ ಮೇಲೆ ‘ನೇಮನ್’ ಅನ್ನೋ ಸಾಹಿತ್ಯದ ಮಾಸಪತ್ರಿಕೆಯಲ್ಲಿ. ಹಳ್ಳಿ ಬಿಟ್ಟು ಪೇಟೆ ಸೇರಿದವರ ಮಾತುಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದ್ದರು. ಸರ್ಕಾರ ಜನರನ್ನು ಹಳ್ಳಿಯಿಂದ ಹೊರಗೆ ಬಿಡುವುದಕ್ಕೇ ಸತಾಯಿಸುತ್ತದೆ ಅನ್ನೋ ದೂರು ಅದರಲ್ಲಿತ್ತು. ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಕಮ್ಯುನಿಸ್ಟ್ ಪಕ್ಷದ ಕಡೆಯಿಂದ ಬೇಡ ಅಂತ ಬಂತು, ಜೋಡಿಸಿದ ಮೊಳೆ ಬಿಚ್ಚಿ ಹಾಕಿದರು. ಅಷ್ಟೇ, ಕಥೆ ಮುಗಿಯಿತು. ಇದನ್ನು ಆಮೇಲೆ ಅವರೂ ಹೊರಗೆ ತರಲಿಲ್ಲ.

ದಾರಿ ತೋರಿಸಿದವರು ಅಲೆಸ್ ಅದಮೋವಿಚ್ ಅನ್ನೋ ಹಿರಿಯ ಬರಹಗಾರ. ಅವರೂ ಇನ್ನಿಬ್ಬರು ಗೆಳೆಯರೂ ಸೇರಿ, ನಾಜಿಗಳು ಜನರ ಸಮೇತ ಸುಟ್ಟು ಹಾಕಿದ ಹಳ್ಳಿಗಳಿಗೆ ಹೋಗಿ, ಅಲ್ಲಿ ಹೇಗೋ ಬದುಕಿ ಉಳಿದವರ ಮಾತನ್ನು ಟೇಪ್ ಮಾಡಿಕೊಂಡು, ಅವರ ಮಾತಲ್ಲೇ ಪುಸ್ತಕ ಮಾಡಿದ್ದರು. ಅದನ್ನು ಓದಿದಾಗ ಈಕೆಗೆ, ನಾನು ಹುಡುಕುತ್ತಿದ್ದ ದಾರಿ ಇದೇ ಅಲ್ವಾ ಅನ್ನಿಸಿತು. ಟೇಪ್ ರೆಕಾರ್ಡರ್ ಹಿಡಿದು ಹೊರಟೇಬಿಟ್ಟರು.

ಪ್ರಶ್ನೆ: ಕ್ಷಮಿಸಿ, ನನಗೆ ಇದು ಅರ್ಥವಾಗುವುದಿಲ್ಲ. ಬೇರೆಯವರು ಹೇಳುತ್ತಾರೆ, ಯಂತ್ರ ಹಿಡಿದುಕೊಳ್ಳುತ್ತದೆ, ಈಕೆ ಬೆರಳಚ್ಚು ಮಾಡುತ್ತಾರೆ. ಅದರಲ್ಲಿ ಸಾಹಿತಿ ಮಾಡಿದ್ದೇನು? ಹೀಗಾದರೆ ಕೋರ್ಟಿನ ಗುಮಾಸ್ತರಿಗೂ ನೊಬೆಲ್ ಕೊಡಬೇಕಲ್ಲ!
– ನಿವೃತ್ತ ಮೇಷ್ಟ್ರು, ಸಾಗರ

ಮೇಷ್ಟ್ರೇ, ನೀವು ಒಬ್ಬರೇ ಅಲ್ಲ, 2015ರಲ್ಲಿ ದೊಡ್ಡ ದೊಡ್ಡವರೇ ಹೀಗೆ ಗೊಣಗಿದ್ದರು. ನಿಮಗೆ ಎರಡು ಸಂಗತಿ ಹೇಳುತ್ತೇನೆ. ಎರಡೂ ಅವರ ಮೊದಲ ಪ್ರಕಟಿತ ಪುಸ್ತಕ ‘ಯುದ್ಧಕ್ಕೆ ಹೆಣ್ಣಿನ ಮುಖವಿಲ್ಲ’ ಅನ್ನೋದರಲ್ಲಿವೆ (ಹೆಸರಿನ ಕನ್ನಡ ನನ್ನದು). ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದಲ್ಲಿ ಸುಮಾರು 10 ಲಕ್ಷ ಹೆಂಗಸರಿದ್ದರು. ದಾದಿಯರು ಮಾತ್ರ ಅಲ್ಲ, ಟ್ಯಾಂಕು, ವಿಮಾನ, ದೂರದಿಂದ ಗುರಿ ಇಟ್ಟು ಹೊಡೆಯುವವರು ಎಲ್ಲ. ಗೆದ್ದ ಮೇಲೆ ಅವರನ್ನು ಯಾರೂ ಏನೂ ಕೇಳಲಿಲ್ಲ. ಈಕೆ 1970ರ ದಶಕದ ಕೊನೆಯಲ್ಲಿ ಒಬ್ಬೊಬ್ಬರ ಮನೆ ಬಾಗಿಲು ತಟ್ಟಿದರು.

ಒಂದು ಮನೆ. ಗಂಡ ಹೆಂಡತಿ ಇಬ್ಬರೂ ಯುದ್ಧ ಮಾಡಿದವರೇ. ಗಂಡನಿಗೆ, ನನ್ನನ್ನು ಬಿಟ್ಟು ಇವಳನ್ನು ಕೇಳೋಕೆ ಬಂದಿದ್ದಾರಲ್ಲ ಅಂತ ಒಳಗೊಳಗೇ ಕಸಿವಿಸಿ. ಕೊನೆಗೆ ಒಪ್ಪಿ, ನಾನು ಹೇಳಿಕೊಟ್ಟ ಹಾಗೆ ಹೇಳು, ಅಳಬೇಡ, ಹೆಂಗಸರ ಸಣ್ಣಪುಟ್ಟದ್ದೆಲ್ಲ ಬೇಡ ಅಂತ ಹೆಂಡತಿಗೆ ಅಪ್ಪಣೆ ಕೊಟ್ಟು ಎದ್ದು ಹೋದ. ಅವನು ಹೋದ ಮೇಲೆ ಹೆಂಡತಿ ಗುಟ್ಟು ಬಿಟ್ಟರು: ಹಿಂದಿನ ರಾತ್ರಿಯೆಲ್ಲ ಗಂಡ ಮಹಾಯುದ್ಧದ ಇತಿಹಾಸದ ಸಂಪುಟ ಮುಂದಿಟ್ಟುಕೊಂಡು ಪಾಠ ಹೇಳಿದ್ದನಂತೆ! ಈಗಲೂ ಹೆಂಡತಿ ಎಲ್ಲಿ ತಪ್ಪು ಹೇಳಿಬಿಡುತ್ತಾಳೋ ಅಂತ ಅವನಿಗೆ ಹೆದರಿಕೆ. ಹೇಳಬಾರದು ಅಂತ ಗಂಡ ತಾಕೀತು ಮಾಡಿದ್ದು ಏನನ್ನ? ಚೆಂದ ಕಾಣಬೇಕು ಅಂತ ಆಸೆಯಿತ್ತು, ಜಡೆ ಕತ್ತರಿಸಿದಾಗ ಅತ್ತೆ, ಇಂಥದ್ದನ್ನ. ಪುಸ್ತಕದಲ್ಲಿ ಉಳಿದದ್ದು ಅದೇ ಜಡೆ ನೋಡಿ.

ಇನ್ನೊಂದು. ಟ್ಯಾಂಕು ದಳದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಬಾಯಿ ಬಿಚ್ಚಿ ಎಲ್ಲ ಹೇಳಿದ್ದರು. ಬರೆದದ್ದನ್ನು ಅವರಿಗೆ ಓದಲು ಕಳಿಸಿದರೆ, ಕೆಲವು ವಾರದ ಮೇಲೆ ಮಾಸ್ಕೋದಿಂದ ಭಾರವಾದ ಪೊಟ್ಟಣ ಬಂತು. ಒಳಗೆ ಪತ್ರಿಕೆಯ ತುಣುಕುಗಳು, ಶಾಲೆ ಮಕ್ಕಳಿಗೆ ದೇಶಭಕ್ತಿಯ ಪಾಠ ಹೇಳಿದ್ದರ ವರದಿಗಳು. ಇವರು ಕಳಿಸಿದ ಪುಟಗಳ ಮೇಲೆ ಗೀಟೇ ಗೀಟು. ನಗು ಬರಿಸುವ ಪ್ರಸಂಗಗಳು, ಹುಡುಗ ಹುಡುಗಿಯ ಸಲುಗೆಯ ಮಾತು, ಎಲ್ಲ ಹೊಡೆದು ಹಾಕಿದ್ದರು. ಅಂದರೆ ಒಬ್ಬರೊಳಗೇ ಇಬ್ಬರು. ಒಬ್ಬರು ಅಡುಗೆಮನೆಯಲ್ಲಿ ಮಾತಾಡುವವರು, ಇನ್ನೊಬ್ಬರು ಸಭೆಯಲ್ಲಿ ಮಾತಾಡುವವರು.

ಈಗ ಹೇಳಿ ಮೇಷ್ಟ್ರೇ, ಗುಮಾಸ್ತ ಏನು ಮಾಡುತ್ತಾನೆ? ಸಭೆಯ ಮಾತನ್ನು ಬರೆದುಕೊಂಡು ಎದ್ದು ಬರುತ್ತಾನೆ. ಅಲೆಕ್ಸಿಯೆವಿಚ್ ಕೂತೇ ಇರುತ್ತಾರೆ. ಟೀ ಕುಡಿಯುತ್ತಾರೆ, ಹೊಸ ಬ್ಲೌಸಿನ ಬಗ್ಗೆ, ಮೊಮ್ಮಕ್ಕಳ ಫೋಟೊ ಬಗ್ಗೆ ಮಾತಾಡುತ್ತಾರೆ, ಸುಮ್ನೆ ಕಾಯುತ್ತಾರೆ. ಮತ್ತೆ ಹೋಗುತ್ತಾರೆ, ಮತ್ತೂ ಹೋಗುತ್ತಾರೆ. ಮೊದಲ ಸಲ ಜನ ಹೇಳೋದು ಪೇಪರಿನಲ್ಲಿ ಓದಿದ್ದನ್ನೇ, ಅವರದೇ ಮಾತು ಬರೋದಕ್ಕೆ ಹೊತ್ತು ಹಿಡಿಯುತ್ತೆ. ಒಂದು ಪುಸ್ತಕಕ್ಕೆ 5 ರಿಂದ 10 ವರ್ಷ, ನೂರಾರು ಜನ. ಒಬ್ಬೊಬ್ಬರ ಮಾತು ಬರೆದಿಟ್ಟರೆ ನೂರು ಪುಟ ಆಗುವುದೂ ಉಂಟು, ಪುಸ್ತಕಕ್ಕೆ ಹೋಗುವುದು ಕೆಲವೇ ಪುಟ, ಕೆಲವು ಸಲ ಒಂದೇ ವಾಕ್ಯ. ಆ ಒಂದು ವಾಕ್ಯ ಯಾವುದು, ಅದರ ಪಕ್ಕ ಯಾರ ಮಾತು ಇಡಬೇಕು ಅನ್ನೋದರಲ್ಲಿದೆ ಅವರ ಸಾಹಿತ್ಯ. ಫ್ರೆಂಚ್ ಕಾದಂಬರಿಕಾರ ಫ್ಲಾಬೇರ್ ತನ್ನನ್ನು ಲೇಖನಿ-ಮನುಷ್ಯ ಅಂದುಕೊಂಡರೆ ನಾನು ಕಿವಿ-ಮನುಷ್ಯಳು ಅಂತ ನೊಬೆಲ್ ಭಾಷಣದಲ್ಲಿ ಅಂದರು. ನೀವು ಮೂವತ್ತು ನಲವತ್ತು ವರ್ಷ ಪಾಠ ಹೇಳಿದವರು, ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾ?

ಪ್ರಶ್ನೆ: ಆ ಪುಸ್ತಕಕ್ಕೆ ಸೆನ್ಸಾರ್ ಅಡ್ಡಿ ಮಾಡಿತ್ತು ಅಂತ ಓದಿದೆ. ಗೆದ್ದ ಯುದ್ಧದ ಬಗ್ಗೆ ಬರೆದರೆ ಏನು ಕಷ್ಟ ಅವರಿಗೆ?
– ಬ್ಯಾಂಕ್ ಉದ್ಯೋಗಿ, ಕಲಬುರಗಿ

ಗೆಲುವಿನ ಬಗ್ಗೆ ಬರೆಯಲಿಲ್ಲವಲ್ಲ, ಅದೇ ಕಷ್ಟ. ಯುದ್ಧದಲ್ಲಿ ಎಲ್ಲಕ್ಕಿಂತ ಭಯಂಕರ ಯಾವುದು ಅಂತ ಕೇಳಿದರೆ ಒಬ್ಬರು ಸಾವು ಅನ್ನಲಿಲ್ಲ, ಗಂಡಸರ ಚಡ್ಡಿ ಹಾಕಿಕೊಂಡು ತಿರುಗಬೇಕಾಗಿದ್ದದ್ದು ಅಂದರು. ಹುಡುಗಿಯರಿಗೆ ಅಂತ ಒಳಉಡುಪು ಇರಲಿಲ್ಲ, ಬೂಟು ಕಾಲಿಗಿಂತ ಎಷ್ಟೋ ದೊಡ್ಡದು, ಮುಟ್ಟಾದಾಗ ಬಟ್ಟೆ ಇಲ್ಲ. ಇಂಥದ್ದನ್ನೆಲ್ಲ ಬರೆದು ವೀರನಾರಿಯರನ್ನು ಸಾಮಾನ್ಯ ಹೆಂಗಸರು ಮಾಡಿಬಿಟ್ಟೆ, ಇದನ್ನು ಓದಿದ ಮೇಲೆ ಯಾರು ಯುದ್ಧಕ್ಕೆ ಹೋಗುತ್ತಾರೆ ಅಂತ ಸೆನ್ಸಾರಿನವರ ತಕರಾರು. 1983ರಲ್ಲಿ ಮುಗಿದ ಪುಸ್ತಕ ಎರಡು ವರ್ಷ ಹಾಗೇ ಕೂತಿತ್ತು. 1985ರಲ್ಲಿ ಗೊರ್ಬಚೇವ್ ಅಧಿಕಾರಕ್ಕೆ ಬಂದರು, ಗಾಳಿ ಸ್ವಲ್ಪ ತಿರುಗಿತು, ಪುಸ್ತಕ ಹೊರಬಂತು. ಸುಮಾರು 20 ಲಕ್ಷ ಪ್ರತಿ ಹೋಯಿತು. ಸೆನ್ಸಾರ್ ಕಿತ್ತು ಹಾಕಿದ ಭಾಗಗಳನ್ನು ಎಷ್ಟೋ ವರ್ಷದ ಮೇಲೆ ಮತ್ತೆ ಸೇರಿಸಿದರು. ನಾನೇ ಹೆದರಿ ಬಿಟ್ಟದ್ದೂ ಇತ್ತು ಅಂತ ಒಪ್ಪಿಕೊಂಡು ಅದನ್ನೂ ಸೇರಿಸಿದರು. ಈ ಒಪ್ಪಿಕೊಳ್ಳುವುದು ನನಗೆ ತುಂಬ ಇಷ್ಟ.

ಪ್ರಶ್ನೆ: ಮಾತು ಕೊಟ್ಟವರೇ ಕೇಸ್ ಹಾಕಿದ್ದರಂತೆ, ನಿಜವಾ? ಹಾಗಾದರೆ ಬರೆದದ್ದೆಲ್ಲ ಎಷ್ಟು ಸತ್ಯ?
– ವಕೀಲರು, ಮಂಗಳೂರು

ನಿಜ. ಸೋವಿಯತ್ ಸೈನ್ಯ 1979ರಿಂದ 1989ರವರೆಗೆ ಆಫ್ಘಾನಿಸ್ತಾನದಲ್ಲಿತ್ತು. ಸುಮಾರು 15,000 ಹುಡುಗರು ಸತ್ತರು. ಹೆಣ ಮನೆಗೆ ಬರುತ್ತಿದ್ದದ್ದು ಸತುವಿನ ಪೆಟ್ಟಿಗೆಯಲ್ಲಿ, ಬೆಸುಗೆ ಹಾಕಿ. ತೆರೆಯುವ ಹಾಗಿಲ್ಲ, ಒಳಗಿರೋದು ನನ್ನ ಮಗನೇನಾ ಅಂತ ತಾಯಿ ನೋಡುವ ಹಾಗೂ ಇಲ್ಲ. ಅದರಿಂದಲೇ ‘ಸತುವಿನ ಹುಡುಗರು’ ಅಂತ ಪುಸ್ತಕದ ಹೆಸರು. ಅಲೆಕ್ಸಿಯೆವಿಚ್ ಅವರೇ 1988ರಲ್ಲಿ ಕಾಬೂಲಿಗೆ ಹೋಗಿದ್ದರು. ಅಲ್ಲಿ ಒಂದು ಆಸ್ಪತ್ರೆಯಲ್ಲಿ ಒಂದು ಮಗುವಿಗೆ ಕರಡಿ ಗೊಂಬೆ ಕೊಟ್ಟರು. ಮಗು ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡಿತು. ಯಾಕೆ ಹಲ್ಲಲ್ಲಿ ಅಂತ ಕೇಳಿದರೆ ತಾಯಿ ಹೊದಿಕೆ ಸರಿಸಿದಳು. ಮಗುವಿಗೆ ಎರಡೂ ಕೈ ಇರಲಿಲ್ಲ. ವಾಪಸ್ ಬಂದು ಅಪ್ಪನ ಹತ್ತಿರ, ನೀವು ಶಾಲೆಯಲ್ಲಿ ಪಾಠ ಹೇಳಿ ಬೆಳೆಸುವಂಥ ಹುಡುಗರೇ ಅಲ್ಲಿ ಕೊಲ್ಲುತ್ತಿದ್ದಾರೆ, ನೀವು ಕಲಿಸಿದ್ದೆಲ್ಲ ಬೂದಿಯಾಯಿತು ಅಂದರಂತೆ. ಅಪ್ಪ ಅತ್ತರಂತೆ. ಅವರು ಕಟ್ಟಾ ಕಮ್ಯುನಿಸ್ಟರು.

ಆ ಪುಸ್ತಕ ಬಂದ ಮೇಲೆ, 1992ರಲ್ಲಿ, ಮಿನ್ಸ್ಕಿನ ಕೋರ್ಟಿನಲ್ಲಿ ಕೆಲವು ತಾಯಂದಿರೂ ಮಾಜಿ ಸೈನಿಕರೂ ದಾವೆ ಹೂಡಿದರು. ನಮ್ಮ ಮಾತು ತಿರುಚಿದ್ದಾರೆ, ಮಕ್ಕಳ ಮಾನ ಕಳೆದಿದ್ದಾರೆ ಅಂತ. ಹಿಂದೆ ಇದೇ ತಾಯಂದಿರು ಇವರ ಭುಜಕ್ಕೆ ತಲೆ ಇಟ್ಟು ಅತ್ತವರು. ಇದರ ಹಿಂದೆ ಸೈನ್ಯದ ದೊಡ್ಡವರ ಚಿತಾವಣೆ ಇದೆ ಅಂತ ಬೆಂಬಲಿಗರು ಅಂದರು. ಇರಬಹುದು. ಆದರೆ ಆ ತಾಯಿಯ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ. ಸತ್ತ ಮಗನ ಬಗ್ಗೆ ಅವಳಿಗೆ ಉಳಿದಿದ್ದು, ಅವನು ವೀರ ಅನ್ನೋ ಒಂದು ಮಾತು. ಅದನ್ನೂ ಪುಸ್ತಕ ಕಿತ್ತುಕೊಂಡರೆ? ಅವಳ ಸಿಟ್ಟು ಪೂರ್ತಿ ಬೇರೆಯವರು ಹೇಳಿಕೊಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ. ಅಲೆಕ್ಸಿಯೆವಿಚ್ ಆ ವಿಚಾರಣೆಯ ಕಾಗದಪತ್ರಗಳನ್ನೆಲ್ಲ ಪುಸ್ತಕದ ಮುಂದಿನ ಆವೃತ್ತಿಯ ಕೊನೆಗೆ ಸೇರಿಸಿಬಿಟ್ಟರು. ತಮ್ಮ ಮೇಲಿನ ದೂರನ್ನೂ ಒಂದು ಸಾಕ್ಷ್ಯ ಮಾಡಿಕೊಂಡರು!

ಇನ್ನು ಎಷ್ಟು ಸತ್ಯ ಅನ್ನೋ ಪ್ರಶ್ನೆ. ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಮಾತುಗಳು ಬದಲಾಗಿವೆ, ಇದನ್ನು ದಾಖಲೆ ಅಂತ ಹೇಗೆ ಕರೆಯೋದು ಅಂತ ವಿಮರ್ಶಕರು ಹಿಡಿದು ಕೇಳಿದ್ದಾರೆ. ಅವರ ಉತ್ತರ, ನಾನು ಬರೆಯುತ್ತಿರುವುದು ಭಾವನೆಗಳ ಇತಿಹಾಸ, ದನಿಗಳ ಕಾದಂಬರಿ ಅಂತ. ಲಾಯರ್ ಸಾಹೇಬ್ರೇ, ನಿಮ್ಮ ಕೋರ್ಟಿನಲ್ಲಿ ಇದು ನಿಲ್ಲೋದಿಲ್ಲ, ಗೊತ್ತು. ನನಗೂ ಪೂರ್ತಿ ಒಪ್ಪಿಗೆ ಇಲ್ಲ. ತಾರೀಖು, ಸಂಖ್ಯೆ ಬೇಕು ಅಂದಾಗ ನಾನು ಆ ಪುಸ್ತಕಗಳ ಹತ್ತಿರ ಹೋಗುವುದಿಲ್ಲ. ಆದರೆ ಆ ಜಡೆಯನ್ನ ಯಾವ ಇತಿಹಾಸದ ಸಂಪುಟದಲ್ಲಿ ಹುಡುಕಲಿ ಹೇಳಿ?

ಪ್ರಶ್ನೆ: ಚೆರ್ನೋಬಿಲ್ ಟಿವಿ ಸರಣಿ ನೋಡಿದೆ. ಅದರಲ್ಲಿ ಬರುವ ಫೈರ್‌ಮ್ಯಾನ್ ಹೆಂಡತಿ ನಿಜವಾಗಿಯೂ ಇದ್ದವರಾ?
– ಗೃಹಿಣಿ, ಬೆಂಗಳೂರು

ಇದ್ದವರು. ಅವರ ಹೆಸರು ಲ್ಯುದ್ಮಿಲಾ ಇಗ್ನಾತೆಂಕೊ. ಅವರ ಮಾತಿನಿಂದಲೇ ಅಲೆಕ್ಸಿಯೆವಿಚ್ ಅವರ ‘ಚೆರ್ನೋಬಿಲ್ ಪ್ರಾರ್ಥನೆ’ (1997) ಶುರುವಾಗುತ್ತದೆ, 2019ರ ಆ ಸರಣಿಯವರು ತೆಗೆದುಕೊಂಡದ್ದೂ ಇಲ್ಲಿಂದಲೇ. 1986ರ ಏಪ್ರಿಲ್ 26ರ ನಡುರಾತ್ರಿ ದಾಟಿದ ಮೇಲೆ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಗಂಡ ಹೆಂಡತಿ ಇದ್ದದ್ದು ಅಗ್ನಿಶಾಮಕ ಠಾಣೆಯ ಮೇಲಿನ ಮನೆಯಲ್ಲೇ. ಕಿಟಕಿ ಹಾಕಿ ಮಲಗು, ಬೆಂಕಿ ಬಿದ್ದಿದೆ, ಬೇಗ ಬಂದುಬಿಡ್ತೀನಿ ಅಂತ ಹೇಳಿ ಗಂಡ ಹೋದ. ವಿಕಿರಣ ತಗುಲಿದ ಅವನನ್ನು ಸೇರಿಸಿದ್ದ ಮಾಸ್ಕೋದ ಆಸ್ಪತ್ರೆಯಲ್ಲಿ ಹೆಂಡತಿಯನ್ನು ಒಳಗೆ ಬಿಡುವ ಮುಂಚೆ, ಮಕ್ಕಳಿದ್ದಾರಾ ಅಂತ ಡಾಕ್ಟರ್ ಕೇಳುತ್ತಾರೆ. ಇವರು ಬಸುರಿ. ನಿಜ ಹೇಳಿದರೆ ಬಿಡುವುದಿಲ್ಲ ಅಂತ, ಇಬ್ಬರಿದ್ದಾರೆ, ಒಂದು ಗಂಡು ಒಂದು ಹೆಣ್ಣು ಅಂತ ಸುಳ್ಳು ಹೇಳಿ ಒಳಗೆ ಹೋಗುತ್ತಾರೆ. ಎರಡು ವಾರದಲ್ಲಿ ಗಂಡ ಸತ್ತ. ಕಾಲು ಎಷ್ಟು ಊದಿತ್ತೆಂದರೆ ಯಾವ ಬೂಟೂ ಹಿಡಿಸಲಿಲ್ಲ, ಬರಿಗಾಲಲ್ಲೇ ಮಣ್ಣು ಮಾಡಿದರು. ಆಮೇಲೆ ಹುಟ್ಟಿದ ಮಗು ಕೆಲವೇ ಗಂಟೆ ಬದುಕಿತು. ನಾನು ಆ ಅಧ್ಯಾಯ ಒಂದೇ ಸಲಕ್ಕೆ ಓದಲಾಗದೆ, ಎದ್ದು ಹೋಗಿ ಸುಮ್ನೆ ಹಿತ್ತಲಲ್ಲಿ ನಿಂತಿದ್ದೆ.

ಇನ್ನೊಂದು ವಿಷಯ. ಸ್ಥಾವರ ಇದ್ದದ್ದು ಉಕ್ರೇನಿನಲ್ಲಿ, ಆದರೆ ಗಡಿ ಪಕ್ಕದಲ್ಲೇ. ವಿಷದ ಬಹುಪಾಲು ಬಿದ್ದದ್ದು ಬೆಲಾರಸ್ ಮೇಲೆ, ಆಗ ಆ ನಾಡಿನಲ್ಲಿ ಒಂದೂ ಅಣುಸ್ಥಾವರ ಇರಲಿಲ್ಲ. ಯುದ್ಧದಲ್ಲಿ ನಾಜಿಗಳು 619 ಹಳ್ಳಿಗಳನ್ನು ಜನರ ಸಮೇತ ಇಲ್ಲವಾಗಿಸಿದ್ದರು, ಚೆರ್ನೋಬಿಲ್‌ನಿಂದ 485 ಊರುಗಳು ಹೋದವು, ಅದರಲ್ಲಿ 70ನ್ನು ಮಣ್ಣಿನಡಿ ಹೂತೇಬಿಟ್ಟರು ಅಂತ ಪುಸ್ತಕದ ಆರಂಭದಲ್ಲೇ ಕೊಟ್ಟಿದ್ದಾರೆ. ಹೆಚ್ಚುಕಮ್ಮಿ ಹತ್ತು ವರ್ಷ, 500ಕ್ಕೂ ಹೆಚ್ಚು ಜನರ ಮಾತು. ಈ ಸಲ ಅವರು ಹೊರಗಿನವರಾಗಿ ಕೇಳಲಿಲ್ಲ, ಅವರೂ ಅದೇ ಗಾಳಿ ಕುಡಿದವರು. ಅದಕ್ಕೇ ಪುಸ್ತಕದಲ್ಲಿ ತಮ್ಮನ್ನೇ ತಾವು ಸಂದರ್ಶನ ಮಾಡಿಕೊಂಡ ಒಂದು ಅಧ್ಯಾಯವಿದೆ.

ಪ್ರಶ್ನೆ: ಸರಿ, ಹತ್ತು ವರ್ಷಕ್ಕೊಂದು ಪುಸ್ತಕ ಬರೆದರೆ ಹೊಟ್ಟೆಗೇನು? ಮನೆಯಲ್ಲಿ ನನ್ನನ್ನು ಇದೇ ಕೇಳುತ್ತಿದ್ದಾರೆ.
– ಬರೆಯುವ ಆಸೆಯುಳ್ಳವ, ವಿಜಯಪುರ

ಮನೆಯವರು ಕೇಳುವುದರಲ್ಲಿ ನ್ಯಾಯ ಇದೆಯಪ್ಪ. ಅಲೆಕ್ಸಿಯೆವಿಚ್ ಅವರಿಗೆ ಮೊದಲು ಪತ್ರಿಕೆಯ ಸಂಬಳ ಇತ್ತು. ಜೊತೆಗೆ ಸಾಕ್ಷ್ಯಚಿತ್ರಗಳಿಗೆ ಚಿತ್ರಕಥೆ ಬರೆದರು, ಒಂದೆರಡಲ್ಲ, ಇಪ್ಪತ್ತಕ್ಕೂ ಹೆಚ್ಚು. ಯುದ್ಧದ ಹೆಂಗಸರ ಮೇಲೆ ಒಂದು ಸರಣಿಯನ್ನೇ ಮಾಡಿದರು, ಮಾಸ್ಕೋದಲ್ಲಿ ಅದೇ ಪುಸ್ತಕ ನಾಟಕವೂ ಆಯಿತು. ಟೇಪಿನಲ್ಲಿದ್ದ ಒಂದೇ ದನಿಯನ್ನು ಪುಸ್ತಕ, ರಂಗ, ಪರದೆ ಮೂರಕ್ಕೂ ದುಡಿಸಿಕೊಂಡರು ಅನ್ನಿ. 2000ದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಟಲಿ, ಫ್ರಾನ್ಸ್, ಜರ್ಮನಿ, ಸ್ವೀಡನ್ ಅಂತ ಹೊರಗೆ ಇರಬೇಕಾಯಿತು. ಆಗ ಕಷ್ಟದಲ್ಲಿರುವ ಬರಹಗಾರರಿಗೆ ಆಸರೆ ಕೊಡುವ ಊರುಗಳು ಮನೆ, ಖರ್ಚು ನೋಡಿಕೊಂಡವು. 2015ರ ಅಕ್ಟೋಬರ್ 8ರಂದು ನೊಬೆಲ್ ಫೋನ್ ಬಂದಾಗ ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರಂತೆ. 80 ಲಕ್ಷ ಸ್ವೀಡಿಷ್ ಕ್ರೋನರ್. ಆಗ ಅವರಿಗೆ ವಯಸ್ಸು 67. ಮನೆಯಲ್ಲಿ ಅಲ್ಲಿಯವರೆಗೆ ಕಾಯುತ್ತಾರಾ ಕೇಳಿ ನೋಡಿ. ಇಲ್ಲದಿದ್ದರೆ ಒಂದು ಕೆಲಸ ಹಿಡಿದುಕೊಂಡೇ ಬರೆಯಿರಿ.

ಪ್ರಶ್ನೆ: ಈಗ ಎಲ್ಲಿದ್ದಾರೆ?
– ಓದುಗ, ಚಿತ್ರದುರ್ಗ

ಜರ್ಮನಿಯಲ್ಲಿ. 2020ರ ಆಗಸ್ಟಿನ ಚುನಾವಣೆಯಲ್ಲಿ ಮೋಸವಾಗಿದೆ ಅಂತ ಬೆಲಾರಸ್‌ನಲ್ಲಿ ಜನ ಬೀದಿಗೆ ಬಂದರು. ವಿರೋಧಿಗಳು ಮಾಡಿಕೊಂಡ ಸಮನ್ವಯ ಮಂಡಳಿಯ ಮುಂದಾಳುಗಳಲ್ಲಿ ಇವರೂ ಒಬ್ಬರು. ಉಳಿದವರನ್ನು ಒಬ್ಬೊಬ್ಬರಾಗಿ ಹಿಡಿದು ಒಳಗೆ ಹಾಕಿದರು ಇಲ್ಲವೇ ದೇಶ ಬಿಡಿಸಿದರು. ಕೊನೆಗೆ ಇವರೊಬ್ಬರೇ. ಒಂದು ದಿನ ಯಾರೋ ಮನೆ ಬಾಗಿಲು ಬಡಿಯಲು ಶುರು ಮಾಡಿದಾಗ ಯುರೋಪಿನ ರಾಯಭಾರಿಗಳೇ ಬಂದು ಮನೆಯಲ್ಲಿ ಕಾವಲು ಕೂತರು. ಆ ಸೆಪ್ಟೆಂಬರ್ ಕೊನೆಯಲ್ಲಿ ಬರ್ಲಿನ್‌ಗೆ ಹೋದರು.

ಪ್ರಶ್ನೆ: ನಮ್ಮ ಅಜ್ಜಿಗೆ 84. ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಿದ ಊರಿನವರು. ಆ ಕಥೆ ರೆಕಾರ್ಡ್ ಮಾಡಬೇಕು ಅಂತ ಹೋದೆ. ‘ಅದೆಂತ ಹೇಳೂದು, ಎಲ್ಲಾ ಹೋತು’ ಅಂತ ಎರಡು ನಿಮಿಷಕ್ಕೆ ಮುಗಿಸಿದರು. ಬಾಕಿ ಎಲ್ಲ ಪಕ್ಕದಲ್ಲಿ ಕೂತಿದ್ದ ಮಾವನೇ ಹೇಳಿದರು. ಏನು ಮಾಡಲಿ?
– ಸಾಫ್ಟ್‌ವೇರ್ ಹುಡುಗಿ, ಊರು ಶಿವಮೊಗ್ಗ ಕಡೆ

ಇಡೀ ಕಟ್ಟಿನಲ್ಲಿ ನನಗೆ ಖುಷಿ ಕೊಟ್ಟ ಪತ್ರ ಇದು. ನಿನ್ನ ಮಾವ ಹೇಳಿದ್ದು ಟೇಪಿನಲ್ಲಿ ಇರಲಿ, ಅಳಿಸಬೇಡ. ಎಷ್ಟು ಎಕರೆ, ಎಷ್ಟು ಪರಿಹಾರ, ಯಾವ ವರ್ಷ ಅನ್ನೋದೆಲ್ಲ ಅದರಲ್ಲಿರುತ್ತೆ. ಅಣೆಕಟ್ಟು 1964ರಲ್ಲಿ ಮುಗಿಯಿತು, ಅಂದರೆ ಆಗ ಅಜ್ಜಿ ಎಳೆಯ ಹೆಂಗಸು. ಊರು ಮುಳುಗಿದ ಕಥೆ ಹೇಳು ಅಂತ ಕೇಳಬೇಡ, ಅದು ಸಭೆಯ ಪ್ರಶ್ನೆ. ಕೊನೆಯ ದಿನ ಒಲೆ ಹಚ್ಚಿದ್ದರಾ ಅಂತ ಕೇಳು. ಗಾಡಿಗೆ ಮೊದಲು ಏರಿಸಿದ್ದು ಏನು, ಬಿಟ್ಟು ಬಂದದ್ದು ಏನು, ಹಸು ಹೊಸ ಕೊಟ್ಟಿಗೆಗೆ ಹೊಂದಿಕೊಂಡಿತಾ, ಬಾವಿ ನೀರಿನ ರುಚಿ ಹೇಗಿತ್ತು. ಹಾಲ್‌ನಲ್ಲಿ ಕುರ್ಚಿ ಹಾಕಿ ಎದುರು ಕೂರಬೇಡ. ಅವರು ಹಲಸಿನ ತೊಳೆ ಬಿಡಿಸುವಾಗಲೋ ಬತ್ತಿ ಹೊಸೆಯುವಾಗಲೋ ಪಕ್ಕದಲ್ಲಿ ಕೂತು ನೀನೂ ಕೈ ಹಚ್ಚು. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಬಟ್ಟೆಯ ಮೇಲಿಡು (ಒಮ್ಮೆ ನಾನು ಸ್ಟೀಲ್ ತಟ್ಟೆಯ ಮೇಲಿಟ್ಟು, ಒಂದೂವರೆ ಗಂಟೆ ಬರೀ ಠಣ್ ಠಣ್ ಕೇಳಿಸಿಕೊಂಡಿದ್ದೇನೆ). ರೆಕಾರ್ಡ್ ಆಗುತ್ತಿದೆ ಅಂತ ಮಾತ್ರ ಮೊದಲೇ ಹೇಳಿಬಿಡು, ಕದ್ದು ಮಾಡಬೇಡ. ಸುಮ್ಮನಾದರೆ ನೀನೂ ಸುಮ್ಮನಿರು. ಮೊದಲ ಸಲ ಏನೂ ಬರಲಿಲ್ಲ ಅಂತ ಬಿಡಬೇಡ, ಮುಂದಿನ ತಿಂಗಳು ಮತ್ತೆ ಹೋಗು.

ಮತ್ತೆ ಹೋದಾಗ ಮಾವನಿಗೆ ಪೇಟೆಯಲ್ಲಿ ಏನಾದರೂ ಕೆಲಸ ಹಚ್ಚಿ ಕಳಿಸು. ಬೇಗ ಮುಗಿಯದಂಥ ಕೆಲಸ.